ಊರು ನಿಲ್ದಾಣವೇ?

ಊರೊಂದು ಹುಟ್ಟುವುದು ಪ್ರಯೋಜನದಿಂದ. ಆದರೆ ಅದು ಬಾಳುವುದು ಯಾವುದರಿಂದ? ಪ್ರಯೋಜನ ತೀರಿದ ಮೇಲೆ, ಅದರಿಂದ ಉಪಕೃತರಾದವರಿಗೆ ಕರ್ತವ್ಯವೇನಾದರೂ ಉಳಿದಿರುತ್ತದೆಯೇ? ಸದ್ಭಕ್ತರು ಈ ಪ್ರಶ್ನೆಯನ್ನು ತುಸು ವಿಚಾರಿಸಬೇಕು.

ಆಸ್ಟ್ರೇಲಿಯದ ದಕ್ಷಿಣಕ್ಕೆ ನಲ್ಲರ್‌ಬಾರ್ ಎಂಬ ಮರವಿಲ್ಲದ ಒಣ ಬಯಲಿದೆ. ಅದನ್ನು ದಾಟುವ ರೈಲುದಾರಿ 1917ರಲ್ಲಿ ಪೂರ್ಣಗೊಂಡಿತು. ಅಲ್ಲಿ 478 ಕಿಲೋಮೀಟರ್ ದೂರ ಹಳಿ ಎಲ್ಲಿಯೂ ಬಾಗುವುದಿಲ್ಲ. ಉಗಿಯಂತ್ರಕ್ಕೆ ನೀರು, ಕಲ್ಲಿದ್ದಲು ಬೇಕು. ಹಳಿಯ ದುರಸ್ತಿಗೆ ಕೆಲಸಗಾರರು ಬೇಕು. ಹೀಗೆ ‘ಕುಕ್’ ಎಂಬ ಊರು ಹುಟ್ಟಿತು. ಶಾಲೆ, ಆಸ್ಪತ್ರೆ, ಅಂಗಡಿಗಳಾದವು. ಮುಂದೆ ಡೀಸೆಲ್ ಯಂತ್ರ ಬಂದಿತು. 1997ರಲ್ಲಿ ಸರಕಾರಿ ರೈಲ್ವೆ ಖಾಸಗಿಯವರ ಪಾಲಾಯಿತು. ಜನ ಹೊರಟುಹೋದರು, ಬೆರಳೆಣಿಕೆಯ ಸಿಬ್ಬಂದಿ ಉಳಿದರು. ರೈಲು ಓಡುತ್ತಲೇ ಇದೆ; ಊರು ಮಾತ್ರ ನಿಂತುಹೋಯಿತು.

ನಮ್ಮ ಕಲ್ಯಾಣವನ್ನು ಇದರ ಮಗ್ಗುಲಿಗಿಟ್ಟು ನೋಡಿರಿ. 11ನೆಯ ಶತಮಾನದಲ್ಲಿ, ಒಂದನೆಯ ಸೋಮೇಶ್ವರನ ಕಾಲಕ್ಕೆ, ಚಾಲುಕ್ಯರ ರಾಜಧಾನಿಯಾದ ಪಟ್ಟಣವಿದು. 12ನೆಯ ಶತಮಾನದ ಕ್ರಾಂತಿಯ ತರುವಾಯ ಶರಣರು ಚದುರಿದರು. ಬಳಿಕ ಚಾಲುಕ್ಯರ ಅರಸೊತ್ತಿಗೆಯೂ ಅಳಿಯಿತು. ಬೀದರ-ಕಲಬುರಗಿ ರೈಲುದಾರಿ 2017ರಲ್ಲಿ ಪೂರ್ಣಗೊಂಡಾಗಲೂ ನಿಲ್ದಾಣ ದೊರೆತದ್ದು ಹುಮನಾಬಾದಿಗೆ, ಕಲ್ಯಾಣಕ್ಕಲ್ಲ. ಆದರೂ 2011ರ ಜನಗಣತಿಯಲ್ಲಿ ಬಸವಕಲ್ಯಾಣ ಸುಮಾರು 70 ಸಾವಿರ ಜನರ ಪಟ್ಟಣ.

ನೆನಪೊಂದೇ ಈ ಊರನ್ನು ಉಳಿಸಿತೆಂದರೆ ಅರ್ಧಸತ್ಯವಾದೀತು. ಕಲ್ಯಾಣಕ್ಕೆ ಹೊಲವಿತ್ತು, ಬಾವಿಯಿತ್ತು, ಪೇಟೆಯಿತ್ತು. ಕುಕ್‌ನ ಅಡಿಗೆಮನೆಯ ಸಾಮಾನೆಲ್ಲ ‘ಟೀ ಅಂಡ್ ಶುಗರ್’ ಎಂಬ ರೈಲಿನಲ್ಲಿ ಬರಬೇಕಿತ್ತು. ಅದೂ 1996ರಲ್ಲಿ ನಿಂತಿತು. ಒಬ್ಬನೇ ಒಡೆಯನ ಅಗತ್ಯಕ್ಕಾಗಿ ಹುಟ್ಟಿದ ಊರು ಅವನ ಒಂದು ನಿರ್ಣಯದಿಂದ ಬರಿದಾಗುತ್ತದೆ. ಹಲವರ ಕಾಯಕದಿಂದ ಬೆಳೆದ ಊರನ್ನು ಯಾರ ಆಜ್ಞೆಯೂ ಬರಿದುಮಾಡಲಾರದು. ಅದರ ಮಕ್ಕಳ ಉದಾಸೀನ ಮಾತ್ರ ಮಾಡಬಲ್ಲದು.

ಹೊಟ್ಟೆಪಾಡಿಗಾಗಿ ಹೈದರಾಬಾದಿಗೋ ಪುಣೆಗೋ ಹೋದವರನ್ನು ದೂಷಿಸುವುದು ನ್ಯಾಯವಲ್ಲ. ಕಾಯಕವಿದ್ದಲ್ಲಿಗೆ ಮನುಷ್ಯ ಹೋಗಲೇಬೇಕು. ಆಕ್ಷೇಪವಿರುವುದು ಹೋಗುವುದಕ್ಕಲ್ಲ, ಹುಟ್ಟಿದೂರನ್ನು ನಿಲ್ದಾಣವೆಂದು ಬಗೆಯುವುದಕ್ಕೆ. ಜಾತ್ರೆಗೆ ಇಳಿದು ಮರುದಿನ ಗಾಡಿ ಹತ್ತುವವನಿಗೆ ಊರ ಶಾಲೆಯ ಸೂರು ಸೋರುವುದು ಹೇಗೆ ತಿಳಿದೀತು? ಓಣಿಯ ಮುದುಕಿಯನ್ನು ದವಾಖಾನೆಗೆ ಒಯ್ಯುವವರಾರೆಂಬುದು ಹೇಗೆ ತಿಳಿದೀತು?

ಮಠದ ಪ್ರಸಾದ ಉಂಡು, ಅಕ್ಷರ ಕಲಿತು, ದೂರ ನೆಲೆಸಿದವರು ನಮ್ಮಲ್ಲಿ ಅನೇಕರು. ಉಂಡ ಅನ್ನವನ್ನು ಉಣಿಸಿದವರಿಗೆ ಹಿಂದಿರುಗಿಸಲು ಬಾರದು. ಮುಂದಿನ ಪಂಕ್ತಿಗೆ ಬಡಿಸಬಹುದು. ದಾಸೋಹದ ಅರ್ಥವೂ ಇದೇ ಅಲ್ಲವೇ? ಕುಕ್‌ನ ಜನಕ್ಕೆ ಉಳಿಯುವ ಆಯ್ಕೆ ಇರಲಿಲ್ಲ. ನಮಗೆ, ದೂರದಲ್ಲಿದ್ದೂ, ಊರನ್ನು ಉಳಿಸುವ ಆಯ್ಕೆ ಇದೆ. ಆಯ್ಕೆ ಇದ್ದವನಿಗೇ ಹೊಣೆಯೂ ಇರುತ್ತದೆ.