ತಾನೇ ಕರೆದುಕೊಂಡ ಕಷ್ಟ

ದಿಗಂಬರ ಮುನಿ ಕೂತು ಬೆರಳಿಗೆ ಒಂದಿಷ್ಟು ಬೂದಿ ಹಚ್ಚಿಕೊಳ್ಳುತ್ತಾರೆ, ಕೂದಲು ಜಾರದಿರಲಿ ಎಂದು. ಆಮೇಲೆ ತಲೆ, ಗಡ್ಡ, ಮೀಸೆಯ ಕೂದಲನ್ನೆಲ್ಲ ಕೈಯಿಂದಲೇ ಕಿತ್ತು ಹಾಕುತ್ತಾ ಹೋಗುತ್ತಾರೆ. ಕತ್ತರಿಯಿಲ್ಲ, ಕ್ಷೌರದ ಕತ್ತಿಯಿಲ್ಲ. ಇದು ಕೇಶಲೋಚ. 2 ತಿಂಗಳಿಗೊಮ್ಮೆ ಮಾಡಿದರೆ ಉತ್ತಮ, 3 ತಿಂಗಳಿಗಾದರೆ ಮಧ್ಯಮ, 4 ತಿಂಗಳು ದಾಟುವಂತಿಲ್ಲ. ಆ ದಿನ ಉಪವಾಸ ಬೇರೆ.

ಕೇಳದೆ ಬರುವ ನೋವೇ ಬೇಕಾದಷ್ಟಿರುವಾಗ ಮನುಷ್ಯ ತಾನಾಗಿ ಇನ್ನೊಂದನ್ನು ಏಕೆ ಕರೆದುಕೊಳ್ಳಬೇಕು?

ಜೈನ ಆಚಾರ್ಯ ಪೂಜ್ಯಪಾದರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದರು. ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ‘ಸರ್ವಾರ್ಥಸಿದ್ಧಿ’ ಟೀಕೆ ಎರಡು ಬಗೆಯ ಕಷ್ಟಗಳನ್ನು ಬೇರ್ಪಡಿಸುತ್ತದೆ. ತಾನಾಗಿ ಬಂದೆರಗುವುದು ಪರೀಷಹ, ತಾನೇ ಮಾಡಿಕೊಳ್ಳುವುದು ಕಾಯಕ್ಲೇಶ. ಎರಡನೆಯದು ಮೊದಲನೆಯದಕ್ಕೆ ತಾಲೀಮು. ನೆಮ್ಮದಿಯಲ್ಲೇ ಬೆಳೆದ ಅರಿವು ದುಃಖ ಎದುರಾದೊಡನೆ ಕರಗಿಹೋಗುತ್ತದೆ, ಆದ್ದರಿಂದ ಮುನಿಯು ಯಥಾಬಲ ಕಷ್ಟದಲ್ಲಿ ಪಳಗಬೇಕು ಎಂಬುದು ಅವರ ‘ಸಮಾಧಿತಂತ್ರ’ದ ಅಭಿಪ್ರಾಯ.

‘ಯಥಾಬಲ’ ಎಂಬ ಆ ಮಾತಿನ ಮೇಲೆಯೇ ಎಲ್ಲವೂ ನಿಂತಿದೆ. ದೇಹ ಎಲುಬಿನ ಗೂಡಾಗುವ ತನಕ ಉಪವಾಸವಿದ್ದು ನೋಡಿದ ಬುದ್ಧ, ಆ ದಾರಿ ಮುಟ್ಟಿಸುವುದಿಲ್ಲವೆಂದು ಅದನ್ನು ಬಿಟ್ಟ. ಆ ಆಕ್ಷೇಪ ಹಗುರವಾದದ್ದಲ್ಲ. ಶಕ್ತಿಯ ಅಳತೆ ತಪ್ಪಿದ ತಪಸ್ಸು ಬರೀ ದೇಹಹಿಂಸೆಯಾಗಿ ಉಳಿಯುತ್ತದೆ.

ಅಳತೆಯೊಳಗಿನ ಕಷ್ಟ ಹೇಗಿರುತ್ತದೆಂದು ತಿಳಿಯಲು ಆಹಾರಚರ್ಯೆಯನ್ನು ನೋಡಬೇಕು. ಬೆಳಿಗ್ಗೆ ಹೊರಡುವ ಮುನಿ ಮನಸ್ಸಿನಲ್ಲೇ ಒಂದು ನಿಯಮ ಹಾಕಿಕೊಂಡಿರಬಹುದು: ಇಷ್ಟೇ ಮನೆಗಳ ಮುಂದೆ ಹೋಗುವೆ, ಕೈಯಲ್ಲಿ ಕಳಶ ಹಿಡಿದವರು ಕರೆದರಷ್ಟೇ ನಿಲ್ಲುವೆ. ವೃತ್ತಿಪರಿಸಂಖ್ಯಾನ ಎಂಬ ಈ ತಪಸ್ಸಿನ ಗುಟ್ಟು ಯಾರಿಗೂ ಗೊತ್ತಿರುವುದಿಲ್ಲ. ಬಾಗಿಲಲ್ಲಿ ನಿಂತ ಶ್ರಾವಕರು, ಅಂದರೆ ಗೃಹಸ್ಥ ಜೈನರು, ‘ನಮೋಸ್ತು’ ಎಂದು ಅಕ್ಕರೆಯಿಂದ ಕರೆಯುತ್ತಾರೆ. ನಿಯಮ ಕೂಡಿಬರದಿದ್ದರೆ ಮುನಿ ಹಸಿದೇ ಹಿಂದಿರುಗುತ್ತಾರೆ. ಕೂಡಿಬಂದರೆ ನಿಂತುಕೊಂಡೇ ಬೊಗಸೆಯಲ್ಲಿ ಊಟ, ದಿನಕ್ಕೆ ಒಮ್ಮೆ, ನೀರೂ ಆಗಲೇ. ಬೊಗಸೆಯ ಅನ್ನದಲ್ಲಿ ಒಂದು ಕೂದಲು ಕಂಡಿತೋ, ಅಂತರಾಯ, ಅಂದರೆ ಊಟಕ್ಕೆ ಅಡ್ಡಿ. ಅಲ್ಲಿಗೆ ಕೈ ಬಿಡುತ್ತಾರೆ, ಮುಂದಿನ ಗುಟುಕು ನಾಳೆಗೆ. ಕಲಬುರಗಿಯ ಮೇ ತಿಂಗಳಾದರೂ ಲೆಕ್ಕ ಒಂದೇ. ಬಡಿಸಿದವರ ಮೇಲೆ ಸಿಟ್ಟು ಸುಳಿಯಬಾರದು. ಹಸಿವನ್ನು ಸಹಿಸುವುದಕ್ಕಿಂತ ಇದು ಕಠಿಣ.

ಪರೀಷಹಗಳು ಒಟ್ಟು 22. ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆ ಎಂದು ಪಟ್ಟಿ ದೇಹದಿಂದ ಶುರುವಾಗುತ್ತದೆ. 15ನೆಯದು ಅಲಾಭ, ಬಯಸಿದ್ದು ದಕ್ಕದಿರುವುದು. ಕೊನೆಯ ಹೊತ್ತಿಗೆ ಪಟ್ಟಿ ಬೇರೆಯದೇ ಕಡೆ ಹೊರಳುತ್ತದೆ. 19ನೆಯದು ಸತ್ಕಾರ-ಪುರಸ್ಕಾರ, 20ನೆಯದು ಪ್ರಜ್ಞೆ, ಅಂದರೆ ತಿಳಿದವನೆಂಬ ಹಮ್ಮು. ಸನ್ಮಾನವನ್ನೂ ಪಾಂಡಿತ್ಯವನ್ನೂ ಸೊಳ್ಳೆಕಡಿತದ ಸಾಲಿನಲ್ಲಿಟ್ಟವರು ಮನಸ್ಸನ್ನು ಬಹಳ ಹತ್ತಿರದಿಂದ ಕಂಡಿರಬೇಕು.

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ, 10ನೇ ಶತಮಾನದಲ್ಲಿ ಚಾವುಂಡರಾಯ ಕಡೆಯಿಸಿದ ಸುಮಾರು 58 ಅಡಿಯ ಗೊಮ್ಮಟನ ತೊಡೆತೋಳುಗಳಿಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಹುತ್ತವೆದ್ದಿದೆ. ಗೊಮ್ಮಟನೆನಿಸಿದ ಬಾಹುಬಲಿ ಒಂದು ವರ್ಷ ಕದಲದೆ ನಿಂತದ್ದರ ಗುರುತು ಅದು. ಬಿಸಿಲು, ಮಳೆ, ಹಾವು ಯಾವುದೂ ಅವನನ್ನು ಅಲುಗಿಸಲಿಲ್ಲ. ಆದರೂ ಕೇವಲಜ್ಞಾನ, ಅಂದರೆ ಪೂರ್ಣ ಅರಿವು, ತಡೆದು ನಿಂತಿತ್ತು. ಅಣ್ಣ ಭರತನ ಕುರಿತ ಒಂದು ಮುಳ್ಳು ಒಳಗೆ ಉಳಿದಿತ್ತು. ಭರತನೇ ಬಂದು ನಮಿಸಿದ ಮೇಲೆ ಅದು ಕರಗಿತು ಎನ್ನುತ್ತದೆ ಪುರಾಣ.

ಈಗ ಊರುಗಳಲ್ಲಿ ಕೇಶಲೋಚ ಅನೇಕ ಸಲ ಶಾಮಿಯಾನದ ಕೆಳಗೆ, ಜನರ ನಡುವೆ ನಡೆಯುತ್ತದೆ. ಹಲವರ ಕಣ್ಣು ತುಂಬಿರುತ್ತದೆ. ಕೊನೆಯ ಕೂದಲು ಕಿತ್ತು, ನವಿಲುಗರಿಯ ಪಿಂಛಿ ಹಿಡಿದು ಮುನಿ ಎದ್ದು ನಿಲ್ಲುತ್ತಲೇ ಜಯಘೋಷ ಮೊಳಗುತ್ತದೆ. ತಲೆಯ ಉರಿ ಇನ್ನೂ ಆರಿಲ್ಲ. 19ನೆಯ ಪರೀಷಹ ಎದುರಿಗೆ ಬಂದಾಗಿದೆ.