ದಾರಿಯ ನೆರಳು ಯಾರದು?

ನಗರ ವಿನ್ಯಾಸವನ್ನು ಕಲಿಯುವ ವಿದ್ಯಾರ್ಥಿಗಳಿಗೆ ಹೆದ್ದಾರಿಯ ಒಂದು ಭಾಗವನ್ನು ಗೊತ್ತುಮಾಡಿ ಕೊಟ್ಟು, ಅದರ ಎರಡು ಬದಿಗಳನ್ನೂ ಹೊಸದಾಗಿ ಕಲ್ಪಿಸಿರಿ ಎಂದು ಹೇಳುವ ಪದ್ಧತಿ ಉಂಟು. ಹುಡುಗರು ಉತ್ಸಾಹದಿಂದ ಚಿತ್ರಿಸುತ್ತಾರೆ: ಸಾಲುಮರ, ಹೂವಿನ ಪಾತಿ, ಕಾಲುದಾರಿ, ಕಲ್ಲುಬೆಂಚು, ಸಂಜೆಯ ದೀಪ. ಆ ಹಾಳೆಗಳಿಂದ ಯಾರಿಗೂ ಕೇಡಿಲ್ಲ. ಬಹುಪಾಲು ಕಪಾಟನ್ನು ಸೇರುತ್ತವೆ. ಹೀಗಿರುವಾಗ ಅವುಗಳ ವಿಷಯದಲ್ಲಿ ನೀತಿಯ ಪ್ರಶ್ನೆ ಎತ್ತುವುದು ಅತಿಯಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ.

ವಿಜಯಪುರ ಜಿಲ್ಲೆಯ ದಾರಿಗಳನ್ನೇ ತೆಗೆದುಕೊಳ್ಳೋಣ. ಕಲಬುರಗಿಯ ಕಡೆಯಿಂದ ಬರುವ ಹೆದ್ದಾರಿ ಸಿಂದಗಿಯನ್ನು ಹಾದು ವಿಜಯಪುರ ಮುಟ್ಟಿ, ನಿಡಗುಂದಿಯ ಮೇಲೆ ಹೊಸಪೇಟೆಯತ್ತ ಹೋಗುತ್ತದೆ. ಸೋಲಾಪುರದಿಂದ ಬರುವುದು ಇಂಡಿ ತಾಲ್ಲೂಕಿನ ಝಳಕಿಯನ್ನು ದಾಟಿ, ವಿಜಯಪುರದಿಂದ ಕೊಲ್ಹಾರದ ಮೇಲೆ ಹುಬ್ಬಳ್ಳಿಯ ಕಡೆಗೆ ಸಾಗುತ್ತದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಎರಡು ದಾರಿಗಳಿಂದ ಬದಿಗೆ ಉಳಿದ ಊರುಗಳು. ಎಲ್ಲೆಲ್ಲಿಯೂ ಎರೆಭೂಮಿ, ಬಿಳಿಜೋಳ, ತೊಗರಿ, ಕಡಲೆ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ. ರಾಜ್ಯದಲ್ಲಿ ಕಾಡು ಅತಿ ಕಡಮೆ ಇರುವ ಜಿಲ್ಲೆಗಳಲ್ಲಿ ಇದೊಂದು. 2016ರಲ್ಲಿ ಇಲ್ಲಿ ಕೋಟಿ ವೃಕ್ಷ ಅಭಿಯಾನ ಹುಟ್ಟಿದ್ದು ಆ ಕಾರಣದಿಂದಲೇ. ಇಂಥ ನೆಲದಲ್ಲಿ ದಾರಿಯ ಬೇವಿನ ಮರ ಅಲಂಕಾರವಲ್ಲ. ಬಸ್ಸಿಗೆ ಕಾಯುವ ಬಸುರಿ ಹೆಂಗಸಿಗೆ, ಕುರಿ ಹೊಡೆದುಕೊಂಡು ಬಂದ ಮುದುಕನಿಗೆ ಅದೇ ಛತ್ರ.

ಹಾಳೆ ಬರಿದಾಗಿರುತ್ತದೆ, ನೆಲ ಬರಿದಲ್ಲ. ತೊಂದರೆ ಹುಟ್ಟುವುದು ಇಲ್ಲಿ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಶಂಕುಸ್ಥಾಪನೆಯಾಯಿತು. ಮುಂದೆ ಹಿನ್ನೀರು ಏರಿದಾಗ ಹಳೆಯ ಕೊಲ್ಹಾರ ಮುಳುಗಿ, ಜನ ಹೊಸ ಊರಿಗೆ ಬಂದರು. ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು ಮಾರುವ ಕಾಯಕವನ್ನು ಮಾತ್ರ ಅವರು ನೀರಿಗೆ ಬಿಡಲಿಲ್ಲ. ಕೊಲ್ಹಾರದ ಮೊಸರು ಕೊಳ್ಳುವವನು ದಾರಿಹೋಕ. ದಾರಿಯಿಲ್ಲದೆ ಆ ವ್ಯಾಪಾರವಿಲ್ಲ. ಈಗ ಹೆದ್ದಾರಿಯ ಬದಿಯನ್ನು ಚೊಕ್ಕಟವಾಗಿ ಚಿತ್ರಿಸುವವನು ಆ ಮೊಸರಿನ ಬುಟ್ಟಿಯನ್ನು ಎಲ್ಲಿ ಇಡುತ್ತಾನೆ? ದ್ವೇಷದಿಂದ ಅವನು ಅದನ್ನು ತೆಗೆಯುವುದಿಲ್ಲ, ಕಾಣದೆ ಬಿಟ್ಟುಬಿಡುತ್ತಾನೆ. ನಡುವೆ ಡಿವೈಡರ್ ಎಳೆಯುವಾಗಲೂ ಅಷ್ಟೆ. ಮನೆ ಒಂದು ಬದಿಗೆ, ಹೊಲ ಇನ್ನೊಂದು ಬದಿಗೆ ಇರುವ ರೈತ ತನ್ನ ಎತ್ತಿನ ಗಾಡಿಯನ್ನು ಎಲ್ಲಿ ತಿರುಗಿಸಬೇಕೆಂಬುದು ಗೆರೆಗೆ ಗೊತ್ತಿಲ್ಲ.

ಇದಕ್ಕೆ ಎದುರುಮಾತು ಇಲ್ಲದಿಲ್ಲ. ಹೆದ್ದಾರಿ ಇರುವುದೇ ವೇಗಕ್ಕಾಗಿ. ಇಂಡಿಯ ಲಿಂಬೆ ಬಾಡುವ ಮೊದಲು ದೂರದ ಪೇಟೆ ಸೇರಬೇಕು. ರೋಗಿಯನ್ನು ಹೊತ್ತ ಗಾಡಿ ಹೊತ್ತಿಗೆ ಮುಟ್ಟಬೇಕು. ಸುಗ್ಗಿಯಲ್ಲಿ ಡಾಂಬರಿನ ಮೇಲೆ ರಾಶಿ ಹರಡಿ ರಸ್ತೆಯನ್ನೇ ಕಣ ಮಾಡಿಕೊಂಡರೆ ರಾತ್ರಿ ಬರುವ ಬೈಕಿನವನ ಪ್ರಾಣಕ್ಕೆ ಅಪಾಯ. ಈ ಮಾತು ನಿಜ. ಹಳೆಯ ರೂಢಿಯೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಗದು. ಆದರೆ ರೈತನಿಗೆ ಕಣವಿಲ್ಲವೆಂಬುದೂ ಅಷ್ಟೇ ನಿಜ. ರಾಶಿಯನ್ನು ರಸ್ತೆಯಿಂದ ಎಬ್ಬಿಸುವ ನಕ್ಷೆ ಅದಕ್ಕೊಂದು ಕಲ್ಲುಹಾಸಿನ ಕಣವನ್ನೂ ಬರೆದರೆ ಅದು ವಿನ್ಯಾಸ. ಬರಿದೆ ಎಬ್ಬಿಸಿದರೆ ಒಕ್ಕಲೆಬ್ಬಿಸುವಿಕೆ.

ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ, ಜನರಿಗೂ ದನಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರ ನೆಡಿಸಿದೆನೆಂದು ಹೇಳಿಕೊಂಡಿದ್ದಾನೆ. ಬಳಿಕ ಅವನೇ ಇನ್ನೊಂದು ಮಾತು ಸೇರಿಸುತ್ತಾನೆ: ಇಂಥ ಸುಖಗಳನ್ನು ಹಿಂದಿನ ಅರಸರೂ ಕೊಟ್ಟಿದ್ದರು, ತಾನು ಮಾಡಿದ್ದು ಜನ ಧರ್ಮದಲ್ಲಿ ನಡೆಯಲೆಂದು. ನೆರಳು ಕೊಟ್ಟರೆ ಸಾಲದು, ನೆರಳು ಕೊಡುವ ಮನಸ್ಸು ಹರಡಬೇಕೆಂಬ ಅಭಿಪ್ರಾಯ. ಅರಸನ ಬಲವಿಲ್ಲದೆಯೂ ಅದು ಸಾಧ್ಯವೆಂದು ಮಾಗಡಿ ತಾಲ್ಲೂಕಿನ ಸಾಲುಮರದ ತಿಮ್ಮಕ್ಕ ತೋರಿಸಿದರು. ಗಂಡ ಚಿಕ್ಕಯ್ಯನವರೊಡನೆ ಹುಲಿಕಲ್ಲು–ಕುದೂರು ದಾರಿಯಲ್ಲಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ರಸ್ತೆ ಅಗಲಿಸುವ ಯೋಜನೆಯಿಂದ ಆ ಮರಗಳಿಗೇ ಕುತ್ತು ಬಂದಾಗ, ಅವನ್ನು ಉಳಿಸಿರೆಂದು ಅವರು ಸರ್ಕಾರದ ಮುಂದೆ ಬೇಡಬೇಕಾಯಿತು. ನೀರು ಹೊತ್ತವರ ಹೆಗಲು ನಕ್ಷೆಯಲ್ಲಿ ಕಾಣುವುದಿಲ್ಲ.

ಇಂದು ಚಿತ್ರಿಸುವ ಹುಡುಗ ನಾಳೆ ಸಹಿ ಹಾಕುವ ಅಧಿಕಾರಿ. ಹಾಳೆಯ ಮೇಲೆ ಮನುಷ್ಯರನ್ನು ಬಿಟ್ಟುಬಿಡುವ ಅಭ್ಯಾಸ ಬೇರೂರಿದರೆ, ನೆಲದ ಮೇಲೂ ಅದೇ ಕೈ ನಡೆಯುತ್ತದೆ. ಆದುದರಿಂದ ಅಧಿಕಾರವಿಲ್ಲದ ಈ ಕಾಲವೇ ಅವನ ಧರ್ಮಪರೀಕ್ಷೆಯ ಕಾಲ. ಈಗ ಗುತ್ತಿಗೆದಾರನ ಒತ್ತಡವಿಲ್ಲ, ಲಾಭದ ಆಸೆಯಿಲ್ಲ, ನೋಡಲು ಬಿಡುವಿದೆ. ಅವನ ಗುರುಗಳು ಅಂಕ ಕೊಡುವ ಮೊದಲು ಎರಡೇ ಪ್ರಶ್ನೆ ಕೇಳಲಿ: ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಆ ದಾರಿಯಲ್ಲಿ ನೀನು ಎಷ್ಟು ಹೊತ್ತು ನಿಂತಿದ್ದೆ? ನೀನು ಬರೆದ ಈ ಮರಕ್ಕೆ ಮೂರನೆಯ ಬೇಸಗೆಯಲ್ಲಿ ನೀರೆರೆಯುವವರು ಯಾರು?