ನೋಡಿದವನ ಹೊಣೆ

ಒಂದು ಜೀವಿಯನ್ನು ಅರಿಯಬೇಕಾದರೆ ಅದನ್ನು ನೋಯಿಸಲೇಬೇಕೆ? ನೋಯಿಸದೆ ಅರಿತ ಮಾತ್ರಕ್ಕೆ ಅರಿತವನ ಕರ್ತವ್ಯ ಮುಗಿಯಿತೆ? ಹಳೆಯವಾದ ಈ ಎರಡು ಪ್ರಶ್ನೆಗಳನ್ನು ಕಡಲಿನ ತಿಮಿಂಗಿಲವೂ ಬಾನಿನ ಉಪಗ್ರಹವೂ ಇಂದು ಹೊಸದಾಗಿ ನಮ್ಮ ಮುಂದಿಟ್ಟಿವೆ.

ತಿಮಿಂಗಿಲಗಳು ಎಲ್ಲಿ, ಯಾವ ಋತುವಿನಲ್ಲಿ ಸಂಚರಿಸುತ್ತವೆಂಬ ತಿಳಿವಳಿಕೆಯಲ್ಲಿ ಬಹುಭಾಗ ಮಾನವನಿಗೆ ಹಿಂದೆ ದೊರೆತುದು ಬೇಟೆಯಿಂದಲೇ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಹ್ಯಾಸ್ಕಿನ್ಸ್ ಟೌನ್‌ಸೆಂಡ್ ಅವರು ಹಳೆಯ ಬೇಟೆಹಡಗುಗಳ ದಿನಚರಿಗಳನ್ನು ಶೋಧಿಸಿ 1935ರಲ್ಲಿ ನಕ್ಷೆಗಳನ್ನು ಪ್ರಕಟಿಸಿದರು. 50,000ಕ್ಕೂ ಮಿಕ್ಕಿದ ತಿಮಿಂಗಿಲಗಳ ಲೆಕ್ಕ ಅವುಗಳಲ್ಲಿದೆ. ವಿದ್ವಾಂಸರಿಗೆ ಅವು ಅಮೂಲ್ಯ. ಆದರೆ ಅಲ್ಲಿಯ ಒಂದೊಂದು ಚುಕ್ಕೆಯೂ ಬೇಟೆ ನಡೆದ ತಾಣದ ಗುರುತು. ಆ ಅರಿವು ರಕ್ತದಿಂದ ಬರೆದ ಅರಿವು.

ಇನ್ನೊಂದು ಬಗೆಯ ಅರಿವನ್ನು ನೋಡಿರಿ. ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದ ಕೊಲ್ಲಿಗಳಿಗೆ ದಕ್ಷಿಣದ ರೈಟ್ ತಿಮಿಂಗಿಲಗಳು ವರ್ಷವರ್ಷವೂ ಮರಿಹಾಕಲು ಬರುತ್ತವೆ. ನಿಧಾನವಾಗಿ ಈಜುವ, ಸತ್ತರೆ ತೇಲುವ ಈ ಜೀವಿಗಳನ್ನು ಬೇಟೆಗಾರರು ನಿರ್ವಂಶದ ಅಂಚಿಗೆ ತಂದಿದ್ದರು. 2012ರಲ್ಲಿ ಒಂದು ಉಪಗ್ರಹವು ನೂರಾರು ಕಿಲೋಮೀಟರ್ ಎತ್ತರದಿಂದ ಅಲ್ಲಿಯ ನೀರಿನ ಚಿತ್ರ ತೆಗೆಯಿತು. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆ ಸಂಸ್ಥೆಯ ವಿಜ್ಞಾನಿಗಳು ಅದನ್ನು ಪರಿಶೀಲಿಸಿ, ತಿಮಿಂಗಿಲಗಳೆಂದೇ ತೋರುವ 55 ಆಕೃತಿಗಳನ್ನು ಎಣಿಸಿ, 2014ರಲ್ಲಿ ಪ್ರಕಟಿಸಿದರು. ಅವುಗಳ ಬಳಿಗೆ ದೋಣಿ ಹೋಗಲಿಲ್ಲ, ತಾಯಿ ಬೆದರಲಿಲ್ಲ, ಮರಿ ಅಗಲಲಿಲ್ಲ. ಆಳದಲ್ಲಿ ಮುಳುಗಿದುದು, ಮೋಡ ಮುಸುಕಿದುದು, ಅಲೆಗಳಲ್ಲಿ ಮರೆಯಾದುದು ಈ ಕಣ್ಣಿಗೆ ಕಾಣದೆಂಬುದು ನಿಜ. ಆದರೂ ನೋಯಿಸದೆ ಅರಿಯಬಹುದೆಂಬುದಕ್ಕೆ ಇಷ್ಟು ಸಾಕ್ಷಿ ಸಾಲದೆ?

ಹಾಗಾದರೆ ಹಿಂಸೆಯಿಲ್ಲದ ನೋಟವೇ ಧರ್ಮವೆನ್ನೋಣವೆ? ಅವಸರ ಬೇಡ. 2015ರಲ್ಲಿ ಚಿಲಿ ದೇಶದ ದಕ್ಷಿಣದ ನಿರ್ಜನ ಪೆನಾಸ್ ಕೊಲ್ಲಿಯ ಸುತ್ತಿನಲ್ಲಿ ಸೇಯ್ ತಿಮಿಂಗಿಲಗಳು ಸತ್ತು ದಡ ಸೇರಿದವು. ವಿಮಾನದಿಂದ ಎಣಿಸಿದಾಗ ದೊರೆತ ಲೆಕ್ಕ 343. ಆ ವರ್ಷದ ಉಪಗ್ರಹ ಚಿತ್ರಗಳಲ್ಲಿಯೂ ಕಳೇಬರಗಳನ್ನು ಗುರುತಿಸಬಹುದೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬಾನಿನ ಕಣ್ಣು ಕಂಡಿತ್ತು. ಆದರೆ ಕಾಣುವುದು ಬೇರೆ, ಕಾಯುವುದು ಬೇರೆ. ಯಂತ್ರಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅದೇ ಚಿತ್ರ ಬೇಟೆಗಾರನ ಕೈಸೇರಿದರೆ ಟೌನ್‌ಸೆಂಡ್ ಅವರ ನಕ್ಷೆಗೆ ಇನ್ನಷ್ಟು ಚುಕ್ಕೆಗಳು ಕೂಡುವುವಷ್ಟೆ.

ಅರಿವು ಆಚಾರವಾಗಬೇಕಾದರೆ ಅರಿತವನು ಏನನ್ನಾದರೂ ತೆರಬೇಕು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು ಹಡಗುಗಳ ಢಿಕ್ಕಿಗೆ ಸಿಕ್ಕಿ ಸಾಯುತ್ತಿದ್ದುದರಿಂದ, ಅವು ಸಂಚರಿಸುವ ತಾಣಗಳಲ್ಲಿ, ಆಯಾ ಋತುವಿನಲ್ಲಿ, ದೊಡ್ಡ ಹಡಗುಗಳು 10 ನಾಟಿಗಿಂತ ವೇಗವಾಗಿ ಚಲಿಸಬಾರದೆಂಬ ನಿಯಮವನ್ನು 2008ರಲ್ಲಿ ತಂದರು. ತಿಮಿಂಗಿಲ ಎಲ್ಲಿದೆಯೆಂಬ ಅರಿವು ಇಲ್ಲಿ ಸಂಯಮವಾಗಿ ಫಲಿಸಿತು.

ಇದು ದೂರದ ಕಡಲಿನ ಮಾತು, ನಮಗೇಕೆ ಎನ್ನದಿರಿ. ನಮ್ಮ ಮನೆಯ ಎಷ್ಟೋ ವಸ್ತುಗಳು ಹಡಗಿನಲ್ಲಿ ಬಂದವು. ಹಡಗು ಮೆಲ್ಲನೆ ಸಾಗಿದರೆ ಸರಕು ತಡವಾದೀತು, ಬೆಲೆ ತುಸು ಏರೀತು. ಆ ತಡವನ್ನೂ ಆ ಬೆಲೆಯನ್ನೂ ಗೊಣಗದೆ ಒಪ್ಪಿಕೊಳ್ಳುವಷ್ಟು ದಯೆ ನಮ್ಮಲ್ಲಿದೆಯೆ? ಕಾಣದಿದ್ದಾಗ ಅಜ್ಞಾನವೆಂಬ ನೆಪವಾದರೂ ನಮಗಿತ್ತು. ಈಗ ಕಂಡಿದ್ದೇವೆ, ಆ ನೆಪವಿನ್ನು ಉಳಿದಿಲ್ಲ.